ಬಳ್ಳಾರಿ ಜಾಲಿ ಕಾಯಿ: ಬೇಸಿಗೆಗೆ ಮೇವು, ಹೊಲಕ್ಕೆ ಕಳೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೇಸಿಗೆಯಲ್ಲಿ ಕಣಕಿ ಬಣವೆ ಕರಗಿ, ಬದುವಿನ ಹುಲ್ಲು ಒಣಗಿದ ಮೇಲೂ ಹಳ್ಳದ ದಂಡೆಯ ಬಳ್ಳಾರಿ ಜಾಲಿ ಹಸಿರಾಗಿಯೇ ಇರುತ್ತದೆ. ಅದರ ಹಳದಿ ಕಾಯಿ ಉದುರುವುದೂ ಆಗಲೇ. ಆಡು ಕುರಿಗಳು ಈ ಸಿಹಿ ಕಾಯಿಯನ್ನು ಹುಡುಕಿ ತಿನ್ನುತ್ತವೆ. ಎಲೆಯನ್ನು ಮಾತ್ರ ಮುಟ್ಟುವುದು ಅಪರೂಪ.

ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಬಂದದ್ದು 1877ರ ಸುಮಾರಿಗೆ. ಮೆಡಿಟರೇನಿಯನ್ ಸಮುದ್ರದ ಸುತ್ತಲ ದೇಶಗಳಲ್ಲಿ ಕ್ಯಾರಬ್ ಎಂಬ ಮರವಿದೆ. ಅದರ ಸಿಹಿ ಕಾಯಿಯ ಹಿಟ್ಟನ್ನು ಜನರೂ ತಿನ್ನುತ್ತಾರೆ, ದನಗಳಿಗೂ ಹಾಕುತ್ತಾರೆ. ಬೀಜದ ಅಂಟು ಐಸ್‌ಕ್ರೀಮಿಗೆ ಹೋಗುತ್ತದೆ. ಅಮೆರಿಕಕ್ಕೆ ಹೋದ ಸ್ಪೇನಿನವರು ಜಾಲಿ ಕಾಯಿ ಕಂಡು ತಮ್ಮೂರ ಕ್ಯಾರಬ್‌ನ ಹೆಸರನ್ನೇ ಅದಕ್ಕೂ ಇಟ್ಟರು. ಪೆರು ದೇಶದಲ್ಲಿ ಇದೇ ಬಳಗದ ಕಾಯಿ ಕುದಿಸಿ ಕಾಕಂಬಿಯಂಥ ಪಾಕ ತೆಗೆಯುತ್ತಾರೆ. ನಮಗೆ ಬೇಕಾದದ್ದು ಮೇವಿನ ಮಾತು.

ಒಣಗಿದ ಕಾಯಿಯಲ್ಲಿ ಶೇಕಡಾ 10ರಿಂದ 12ರಷ್ಟು ಸಸಾರಜನಕವೂ ಸಾಕಷ್ಟು ಸಕ್ಕರೆಯೂ ಇವೆ. ಆದರೆ ಸಸಾರಜನಕದ ಒಂದು ದೊಡ್ಡ ಪಾಲು ಗಟ್ಟಿ ಸಿಪ್ಪೆಯ ಬೀಜದಲ್ಲಿ ಅಡಗಿದೆ. ಇಡೀ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಹಾಗೆಯೇ ಹೊರಬೀಳುತ್ತದೆ. ಸತ್ವವೂ ಹೋಯಿತು, ತಿಪ್ಪೆಯ ಮೂಲಕ ಬೀಜ ಎರೆ ಹೊಲಕ್ಕೂ ಸೇರಿತು! ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗುವುದರಿಂದ ಅಂಥ ಬೀಜ ಬೇಗ ಮೊಳೆಯುತ್ತದೆ. ಆದ್ದರಿಂದ ಕಾಯಿಯನ್ನು ಅರೆದೇ ಹಾಕತಕ್ಕದ್ದು.

ಬಿದ್ದ ಕಾಯಿಯನ್ನು ದಿನವೂ ಆರಿಸಿ, ಮುರಿದರೆ ಪಟಕ್ಕೆನ್ನುವವರೆಗೆ ಬಿಸಿಲಿಗೆ ಒಣಗಿಸಬೇಕು. ಹಸಿ ಇದ್ದರೆ ಸಕ್ಕರೆಯ ಅಂಟು ಗಿರಣಿಗೆ ಮೆತ್ತಿಕೊಳ್ಳುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಒಣಗಿಸಿದ ಕೂಡಲೇ ಬೀಸಿಸುವುದು ಲೇಸು. ಬೀಜ ಒಡೆದಿದೆಯೇ ಎಂದು ಹಿಟ್ಟನ್ನು ಕೈಯಲ್ಲಿ ಉಜ್ಜಿ ನೋಡಿರಿ. ಕಾಯಿಗೆ ಹುಳು ಬೇಗ ಬೀಳುತ್ತದೆ, ಹಿಟ್ಟು ತೇವ ಎಳೆದು ಗಡ್ಡೆಗಟ್ಟುತ್ತದೆ; ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

100 ಕಿಲೋ ದಾಣಿ ಮಿಶ್ರಣದಲ್ಲಿ ಈ ಹಿಟ್ಟು 20 ಕಿಲೋ ಮೀರಬಾರದು. ಉಳಿದದ್ದು ತೊಗರಿ ಚುನ್ನಿ, ತೌಡು, ಶೇಂಗಾ ಹಿಂಡಿ, ಉಪ್ಪು, ಖನಿಜ ಮಿಶ್ರಣ. ಜೊತೆಗೆ ಕಣಕಿ ಅಥವಾ ತೊಗರಿ ಹೊಟ್ಟು ಇರಲೇಬೇಕು.

‘ಪುಕ್ಕಟೆ ಸಿಗುತ್ತದೆ, ಇದನ್ನೇ ಹಾಕೋಣ’ ಎನ್ನುವವರಿಗೆ ಒಂದು ಮಾತು. ಬ್ರೆಜಿಲ್ ದೇಶದಲ್ಲಿ ತಿಂಗಳುಗಟ್ಟಲೆ ಹೆಚ್ಚಾಗಿ ಈ ಕಾಯಿಯನ್ನೇ ತಿಂದ ದನಗಳ ದವಡೆ ಸೋತು, ನಾಲಿಗೆ ಜೋತು, ಮೆಲುಕು ಹಾಕಲಾಗದೆ ಸೊರಗಿ ಸತ್ತಿವೆ. ಕಾಯಿಯಲ್ಲಿರುವ ವಿಷಾಂಶ ನರಗಳಿಗೆ ತಗಲುವುದೇ ಇದಕ್ಕೆ ಕಾರಣ. ಜೊಲ್ಲು ಸುರಿಯುವುದು, ತಲೆ ಓರೆ ಮಾಡಿ ಅಗಿಯುವುದು ಕಂಡರೆ ಕಾಯಿ ನಿಲ್ಲಿಸಿ, ಪಶುವೈದ್ಯರಲ್ಲಿಗೆ ಹೊಡೆದುಕೊಂಡು ಹೋಗಿ.

ಮಣಿಸರದಂಥ ಬೂದು ಕಾಯಿಯ ಕರಿಜಾಲಿ ಬೇರೆ. ಅದೂ ಆಡುಗಳಿಗೆ ಇಷ್ಟವೇ. ಒಗರು ಜಾಸ್ತಿ, ಮಿತವಾಗಿ ಹಾಕಬೇಕು.

ಕಾಯಿಗಾಗಿ ಯಾರೂ ಬಳ್ಳಾರಿ ಜಾಲಿ ನೆಡಬೇಕಾಗಿಲ್ಲ, ಇರುವುದೇ ಹೆಚ್ಚಾಗಿದೆ. ತಿಪ್ಪೆಗೊಬ್ಬರ ಹಾಕಿದ ಹೊಲದಲ್ಲಿ ಮೊದಲ ಮಳೆಗೆ ಎದ್ದ ಸಸಿಗಳನ್ನು ಗೇಣುದ್ದವಿರುವಾಗಲೇ ಬೇರುಸಹಿತ ಕಿತ್ತುಹಾಕಿ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ.