ಮೂರು ನಿಮಿಷದೊಳಗಿನ ನಡುಕ

1980ರ ಫೆಬ್ರುವರಿ 16ರಂದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಅಂಕೋಲೆಯ ಬಳಿ ಕನ್ನಡನಾಡಿನ ನೆಲವನ್ನು ತುಳಿಯಿತು. ಹುಬ್ಬಳ್ಳಿ, ಗದಗ, ರಾಯಚೂರುಗಳನ್ನು ಹಾದು ಅಂದಿನ ಆಂಧ್ರಪ್ರದೇಶದ ಕಡೆಗೆ ಸಾಗಿತು. ಲಕ್ಷ್ಮೇಶ್ವರದ ನೆರೆಯ ನಮ್ಮ ಬಾಳೆಹೊಸೂರೂ ಆ ನೆರಳಿನ ಪಟ್ಟಿಯೊಳಗೇ ಇತ್ತು. ಮೂರು ನಿಮಿಷವೂ ತುಂಬದ ಆ ಕತ್ತಲನ್ನು ನಾಡಿನ ಬಹುಮಂದಿ ಕದವಿಕ್ಕಿಕೊಂಡು ಕಳೆದರು. ಹಾಡುಹಗಲೇ ಬೀದಿಗಳು ಬಿಕೋ ಎಂದವು. ಆ ಮೂರು ನಿಮಿಷಗಳಿಗಾಗಿಯೇ ತಿಂಗಳುಗಟ್ಟಲೆ ಸಿದ್ಧತೆ ನಡೆಸಿ ಬಂದವರೂ ಇದ್ದರು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಹೈದರಾಬಾದಿಗೆ ಸಮೀಪದ ಜಪಾಲ್-ರಂಗಾಪುರ ವೀಕ್ಷಣಾಲಯಕ್ಕೆ ಅಮೆರಿಕದಿಂದ ಜೇ ಪಾಸಕಾಫ್ ಮತ್ತು ಸಂಗಡಿಗರು ಬಂದಿದ್ದರು. ಅವರು ತಂದಿದ್ದ ಪ್ರಶ್ನೆ ವಿಚಿತ್ರವಾದುದು: ಸೂರ್ಯನ ಪ್ರಭಾವಲಯ ನಡುಗುತ್ತಿದೆಯೆ? ನಡುಗುತ್ತಿದ್ದರೆ ಸೆಕೆಂಡಿಗೆ ಎಷ್ಟು ಬಾರಿ?

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಒಗಟಿದೆ. ಒಲೆಯಿಂದ ದೂರ ಸರಿದಷ್ಟೂ ಕಾವು ತಗ್ಗಬೇಕು. ಇದು ಎಲ್ಲರ ಅನುಭವ. ಸೂರ್ಯನಲ್ಲಿ ಈ ಮಾತು ತಲೆಕೆಳಗಾಗಿದೆ. ಕಣ್ಣಿಗೆ ಕಾಣುವ ಅದರ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ. ಅದರ ಮೇಲೆ ಹರಡಿರುವ, ಕರೋನ ಎಂದು ಹೆಸರಾದ ತೆಳು ಪ್ರಭಾವಲಯದ ಉಷ್ಣತೆಯಾದರೋ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಇದರ ಸುಳಿವು ಮೊದಲು ದೊರೆತುದೂ ಗ್ರಹಣದಲ್ಲಿಯೇ. 1869ರ ಖಗ್ರಾಸದಲ್ಲಿ ಪ್ರಭಾವಲಯದ ರೋಹಿತದಲ್ಲಿ ಒಂದು ಹಸಿರು ಗೆರೆ ಕಂಡಿತು. ಭೂಮಿಯ ಮೇಲೆ ತಿಳಿದ ಯಾವ ಧಾತುವಿಗೂ ಅದು ಹೊಂದಲಿಲ್ಲವಾಗಿ, ಕರೋನಿಯಮ್ ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. ಏಳು ದಶಕಗಳ ಅನಂತರ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಅದರ ಗುಟ್ಟನ್ನು ಬಿಡಿಸಿದರು. ಅದು ನಮಗೆಲ್ಲ ಪರಿಚಿತವಾದ ಕಬ್ಬಿಣವೇ. ಆದರೆ ಹದಿಮೂರು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಕಬ್ಬಿಣ ಆ ಸ್ಥಿತಿಗೆ ಬರಬೇಕಾದರೆ ಇಪ್ಪತ್ತು ಲಕ್ಷ ಡಿಗ್ರಿಯ ಕಾವು ಬೇಕು.

ಆ ಕಾವನ್ನು ಮೇಲಕ್ಕೆ ಹೊತ್ತೊಯ್ಯುವವರು ಯಾರು? ಉತ್ತರಗಳಲ್ಲಿ ಎರಡು ಮುಖ್ಯವಾದವು. ಪ್ರಭಾವಲಯದ ತುಂಬ ಕಾಂತಕ್ಷೇತ್ರದ ಕಮಾನುಗಳಿವೆ. ಕೆಳಗೆ ಕುದಿಯುವ ಅನಿಲ ಅವುಗಳ ಬುಡವನ್ನು ಅಲುಗಿಸುತ್ತದೆ. ಆ ಅಲುಗು ಅಲೆಯಾಗಿ ಮೇಲೇರಿ ಕಾವಾಗಿ ಕರಗುತ್ತದೆ ಎಂಬುದು ಒಂದು ವಾದ. ಕಮಾನುಗಳು ಹೆಣೆದುಕೊಂಡು ಅಸಂಖ್ಯ ಕಿರುಸ್ಫೋಟಗಳಾಗಿ ಸಿಡಿಯುತ್ತವೆ ಎಂಬುದು ಇನ್ನೊಂದು. 1988ರಲ್ಲಿ ಯೂಜೀನ್ ಪಾರ್ಕರ್ ಇದನ್ನು ಬಲವಾಗಿ ಮಂಡಿಸಿದರು. ಅಲೆಗಳದೇ ಕೆಲಸವಾದರೆ ಹಸಿರು ಬೆಳಕು ಸೆಕೆಂಡುಗಳ ಲೆಕ್ಕದಲ್ಲಿ ಮಿಡಿಯಬೇಕು.

ಗ್ರಹಣದಲ್ಲಿ ವೇಗದ ಮಿಡಿತವನ್ನೇ ಹುಡುಕುವುದೇಕೆ ಎಂಬುದನ್ನು ಗದಗಿನ ಸಂಗೀತರಸಿಕರಿಗೆ ಸುಲಭವಾಗಿ ತಿಳಿಸಬಹುದು. ವಿಲಂಬಿತ ಏಕತಾಲದಲ್ಲಿ ಒಂದು ಆವರ್ತನಕ್ಕೇ ಸುಮಾರು ಒಂದು ನಿಮಿಷ ಹಿಡಿದೀತು. ಎರಡೂವರೆ ನಿಮಿಷ ಮಾತ್ರ ಕೇಳಲು ಅವಕಾಶವಿದ್ದವನಿಗೆ ಆ ತಾಲ ಸಿಕ್ಕುವುದು ಕಷ್ಟ. ದ್ರುತದಲ್ಲಿಯಾದರೆ ಅಷ್ಟರೊಳಗೆ ಹಲವಾರು ಆವರ್ತನಗಳು ತಿರುಗಿ, ಲಯ ಖಚಿತವಾಗಿ ಕೈಗೆ ಹತ್ತುತ್ತದೆ. ಸೆಕೆಂಡಿಗೊಮ್ಮೆ ಮಿಡಿಯುವ ಬೆಳಕು ಗ್ರಹಣಕಾಲದಲ್ಲಿ ನೂರೈವತ್ತು ಸಲ ಮಿಡಿದು ತನ್ನ ಸಾಕ್ಷ್ಯವನ್ನು ತಾನೇ ನುಡಿಯುತ್ತದೆ.

ಆದರೆ ನಿಜವಾದ ತೊಡಕು ಬೇರೆಯೇ ಇದೆ. ನಕ್ಷತ್ರಗಳನ್ನು ಮಿನುಗಿಸುವ ನಮ್ಮ ಗಾಳಿ ಪ್ರಭಾವಲಯವನ್ನೂ ಮಿನುಗಿಸುತ್ತದೆ. ದೂರದರ್ಶಕದ ಸಣ್ಣ ಅದುರುವಿಕೆಯೂ ಸೂರ್ಯನ ನಡುಕದಂತೆಯೇ ತೋರುತ್ತದೆ. ಆದಕಾರಣ ಒಂದೇ ಹೊತ್ತಿನಲ್ಲಿ ಹಲವು ಕಡೆಯ ಬೆಳಕನ್ನು ಅಳೆದು ಹೋಲಿಸಬೇಕು. ಎಲ್ಲೆಡೆಯೂ ಒಂದೇ ಸಮನಾಗಿ ಕಂಡ ಏರಿಳಿತ ಗಾಳಿಯದು, ಇಲ್ಲವೆ ಯಂತ್ರದ್ದು. ಒಂದು ಕಮಾನಿನಲ್ಲಿ ಮಾತ್ರ ಕಂಡುದು ಸೂರ್ಯನದಿರಬಹುದು.

ಪಾಸಕಾಫ್ ತಂಡದವರಿಗೆ 1980ರ ಅಳತೆಗಳಲ್ಲಿ ಸೆಕೆಂಡಿಗೆ ಅರ್ಧದಿಂದ ಎರಡು ಬಾರಿಯ ಕಂಪನದ ಸುಳಿವು ಸಿಕ್ಕಿತು. 1984ರಲ್ಲಿ ಅದನ್ನು ಪ್ರಕಟಿಸಿದರು. 1995ರಲ್ಲಿ ಉತ್ತರಭಾರತದ ಗ್ರಹಣದಲ್ಲಿ, 1998ರಲ್ಲಿ ವೆನೆಜುವೆಲಾದಲ್ಲಿ, ಬೆಂಗಳೂರಿನ ಜಗದೇವ್ ಸಿಂಗ್ ಮತ್ತು ಸಂಗಡಿಗರು ಇನ್ನೂ ನಿಧಾನವಾದ ಮಿಡಿತಗಳನ್ನು ಕಂಡರು: ಸುಮಾರು ಐದು ಸೆಕೆಂಡಿನಿಂದ ಒಂದು ನಿಮಿಷದೊಳಗಿನವು. ಬೆಳಕಿನ ಏರಿಳಿತ ಶೇಕಡ ಒಂದರ ಆಸುಪಾಸು ಮಾತ್ರ. 1999ರಲ್ಲಿ ಬಲ್ಗೇರಿಯದಲ್ಲಿ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದ ಬ್ರಿಟಿಷ್–ಪೋಲಿಷ್ ತಂಡಕ್ಕೆ, ಒಂದು ಕಮಾನಿನ ಉದ್ದಕ್ಕೂ ಆರು ಸೆಕೆಂಡಿಗೊಮ್ಮೆ ಸಾಗುವ ಅಲೆ ಕಂಡಿತು.

ಇಷ್ಟರಿಂದ ಒಗಟು ಒಡೆಯಿತೆನ್ನಲಾಗದು. ಅಲೆಗಳಿವೆಯೆಂದು ತೋರಿಸುವುದು ಬೇರೆ. ಇಡೀ ಪ್ರಭಾವಲಯವನ್ನು ಕಾಯಿಸುವಷ್ಟು ಶಕ್ತಿ ಅವುಗಳಲ್ಲಿದೆಯೆಂದು ಸಾಧಿಸುವುದು ಬೇರೆ. ಗಾಳಿಯ ಕಾಟವನ್ನೇ ತಪ್ಪಿಸಿಕೊಳ್ಳಲು ಈಗ ಬಾಹ್ಯಾಕಾಶದ ದಾರಿಯೂ ತೆರೆದಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಅದೇ ಖಭೌತವಿಜ್ಞಾನ ಸಂಸ್ಥೆಯವರು ನಿರ್ಮಿಸಿದರು. ಸೂರ್ಯಬಿಂಬವನ್ನು ಮರೆಮಾಡಿ, ಬೇಕೆಂದಾಗ ಗ್ರಹಣವನ್ನು ತಂದುಕೊಳ್ಳುವ ಉಪಕರಣ ಅದು. ಅದು ನೋಡುವ ಬೆಳಕುಗಳಲ್ಲಿ ಆ ಹಳೆಯ ಹಸಿರು ಗೆರೆಯೂ ಒಂದು.

ಹಾಗೆಂದು ಗ್ರಹಣಕ್ಕೆ ಬೆಲೆ ಕುಂದಿಲ್ಲ. ಮೇಲ್ಮೈಗೆ ಅಂಟಿದಂತಿರುವ ಪ್ರಭಾವಲಯದ ಬುಡವನ್ನು ಚಂದ್ರನಷ್ಟು ಚೊಕ್ಕವಾಗಿ ತೆರೆದು ತೋರಿಸುವ ಮರೆ ಇನ್ನೊಂದಿಲ್ಲ. 2034ರ ಮಾರ್ಚ್ 20ರಂದು ಖಗ್ರಾಸದ ನೆರಳು ಲಡಾಖಿನ ಕಡೆ ಭಾರತದ ನೆಲವನ್ನು ಮತ್ತೆ ಮುಟ್ಟಲಿದೆ. ಅಂದು ಅಲ್ಲಿಗೆ ಹೋಗಬಲ್ಲ ನಮ್ಮ ಎಳೆಯರು, ಕದವಿಕ್ಕಿಕೊಂಡ ಹಿರಿಯರು ಕಾಣದೆ ಉಳಿದುದನ್ನು ನೋಡಿ ಬರಲಿ ಎಂಬುದು ನನ್ನ ಆಸೆ.