ಕಾಲು ನಾಲ್ಕಿಂಚು ಹಿಂದಕ್ಕೆ

ಬೈಕ್ ಓಡಿಸುವವರ ಕೈ ಎಲ್ಲಿರುತ್ತದೆ ಎಂದು ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಕಾಲು ಎಲ್ಲಿರುತ್ತದೆ ಎಂದು ಕೇಳಿ ನೋಡಿ, ಸ್ವಲ್ಪ ಯೋಚಿಸುತ್ತಾರೆ. ಪಾದ ಊರುವ ಆ ಪುಟ್ಟ ಕಡ್ಡಿಗೆ ಫುಟ್‌ರೆಸ್ಟ್ ಎನ್ನುತ್ತೇವೆ. ಹೆಸರಿನಲ್ಲಿ ವಿಶ್ರಾಂತಿ ಇದ್ದರೂ ಅದು ಮಾಡುವುದು ದೊಡ್ಡ ಕೆಲಸ. ರಸ್ತೆಯಲ್ಲಿ ಗುಂಡಿ ಬಂದಾಗ ಸವಾರನ ಮೈಭಾರ ಹೊರುವುದು ಅದೇ. ಗೇರು, ಬ್ರೇಕುಗಳ ಪೆಡಲ್ ಎಲ್ಲಿರಬೇಕು ಎಂಬುದೂ ಅದು ಇರುವ ಜಾಗದ ಮೇಲೆಯೇ ತೀರ್ಮಾನವಾಗುತ್ತದೆ.

ನನ್ನ ಹತ್ತಿರ 1978ರಲ್ಲಿ ನೋಂದಣಿಯಾದ ಬುಲೆಟ್ 350 ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕೊಂಡ ಗಾಡಿ. ಈಗ ನನಗೆ ಎಪ್ಪತ್ತು ದಾಟಿದೆ. ಲೈಸೆನ್ಸ್ ಪಡೆದ ಮೊಮ್ಮಗಳು ಅದನ್ನು ನನಗಿಂತ ಹೆಚ್ಚು ಓಡಿಸುತ್ತಾಳೆ. ಕಳೆದ ವರ್ಷ ಅವಳು, "ತಾತ, ಇದಕ್ಕೆ ರಿಯರ್‌ಸೆಟ್ ಹಾಕಿಸೋಣ" ಎಂದಳು. ಫುಟ್‌ರೆಸ್ಟನ್ನು ಮೊದಲಿನ ಜಾಗಕ್ಕಿಂತ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಕೂರಿಸುವುದಕ್ಕೆ ರಿಯರ್‌ಸೆಟ್ ಎಂದು ಹೆಸರು. ಕೇಳಲು ಸುಲಭ. ಆದರೆ ಒಂದು ಕಡ್ಡಿಯನ್ನು ಸರಿಸಲು ಹೊರಟರೆ ಅದರ ಹಿಂದೆ ಎಷ್ಟು ಸಂಗತಿಗಳು ಸರಿಯಬೇಕು ಎಂಬುದು ನನಗೂ ಅವಳಿಗೂ ತಿಳಿದದ್ದು ಕೆಲಸ ಶುರುವಾದ ಮೇಲೆ.

ಓಟದ ಕಣದಿಂದ ಬಂದದ್ದು

ರೇಸಿನಲ್ಲಿ ಸವಾರರು ಗಾಳಿಯ ತಡೆ ತಪ್ಪಿಸಿಕೊಳ್ಳಲು ಟ್ಯಾಂಕಿನ ಮೇಲೆ ಬಾಗಿ ಮಲಗಿದಂತೆ ಕೂರುತ್ತಾರೆ. ಹಾಗೆ ಕೂತಾಗ ಕಾಲು ಮುಂದೆ ಚಾಚಿದ್ದರೆ ಮೈ ನಿಲ್ಲದು, ಪಾದ ಹಿಂದಕ್ಕೆ ಬರಬೇಕು. ತಿರುವಿನಲ್ಲಿ ಬೈಕು ವಾಲಿದಾಗ ಫುಟ್‌ರೆಸ್ಟ್ ನೆಲಕ್ಕೆ ಉಜ್ಜಬಾರದೆಂದು ಅದನ್ನು ಮೇಲಕ್ಕೂ ಏರಿಸುತ್ತಾರೆ.

ಇಂಗ್ಲೆಂಡಿನಲ್ಲಿ 1950 ಮತ್ತು 60ರ ದಶಕಗಳಲ್ಲಿ ಹುಡುಗರು ರೇಸಿನ ಬೈಕುಗಳನ್ನು ನೋಡಿ ತಮ್ಮ ಗಾಡಿಗಳನ್ನೂ ಹಾಗೇ ಮಾಡಿಕೊಂಡರು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ಶುರುವಾದ ಏಸ್ ಕೆಫೆ ಅವರ ಅಡ್ಡೆಯಾಗಿತ್ತು. 'ಕೆಫೆ ರೇಸರ್' ಎಂಬ ಹೆಸರು ಬಂದದ್ದು ಇಂಥ ಚಹಾದಂಗಡಿಗಳಿಂದಲೇ. ಈ ಹುಚ್ಚನ್ನು ಕಂಡ ರಾಯಲ್ ಎನ್‌ಫೀಲ್ಡ್ ಕಂಪನಿ 1965ರ ಕಾಂಟಿನೆಂಟಲ್ ಜಿಟಿ ಎಂಬ 250 ಸಿಸಿ ಬೈಕಿಗೆ ಕಾರ್ಖಾನೆಯಲ್ಲೇ ರಿಯರ್‌ಸೆಟ್ ಹಾಕಿ ಮಾರಿತು. ನಮ್ಮ ಬುಲೆಟ್ ಅದೇ ಮನೆತನದ್ದು. 1955ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ ಬುಲೆಟ್ ಮಾತ್ರ ನೆಟ್ಟಗೆ ಕೂತು ಹೋಗುವವರ ಗಾಡಿ.

ಎಡವೋ, ಬಲವೋ?

ತುಮಕೂರಿನಿಂದ ನಾವಿಬ್ಬರೂ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಗೇರು ಎಡವೋ, ಬಲವೋ?"

ಮಕ್ಕಳೇ, ಇಂದಿನ ಬೈಕುಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಹಳೆಯ ಬುಲೆಟ್ಟಿನಲ್ಲಿ ಇದು ತಿರುವುಮುರುವು: ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುವ ರಿಯರ್‌ಸೆಟ್‌ಗಳು ನಾವು ನೋಡಿದಲ್ಲೆಲ್ಲ ಹೊಸ ಗಾಡಿಗಳಿಗೆ ಹೊಂದುವಂಥವು. ಮಧ್ಯಾಹ್ನದವರೆಗೆ ಸುತ್ತಿದರೂ ನಮಗೆ ಬೇಕಾದದ್ದು ಸಿಗಲಿಲ್ಲ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಒಂದು ಜೊತೆ ಮಡಚುವ ಫುಟ್‌ರೆಸ್ಟ್ ಸಿಕ್ಕಿತು. ಮಡಚುವಂಥದ್ದೇ ಬೇಕಿತ್ತು. ಬುಲೆಟ್ಟಿನ ಕಿಕ್ಕರ್ ಬಲಗಡೆ ಇದೆ. ಒದ್ದಾಗ ಅದು ಹಿಂದಕ್ಕೂ ಕೆಳಕ್ಕೂ ಇಳಿಯುತ್ತದೆ. ಆ ದಾರಿಯಲ್ಲಿ ಫುಟ್‌ರೆಸ್ಟ್ ಅಡ್ಡ ನಿಂತಿದ್ದರೆ ಗಾಡಿ ಸ್ಟಾರ್ಟ್ ಮಾಡುವುದಾದರೂ ಹೇಗೆ?

ಉಳಿದದ್ದನ್ನು ನಮ್ಮೂರಿನ ಲೇತ್ ಅಂಗಡಿಯಲ್ಲೇ ಮಾಡಿಸಿದೆವು. ಮೊದಲು ರಟ್ಟಿನಲ್ಲಿ ಕತ್ತರಿಸಿ, ಗಾಡಿಗೆ ಹಿಡಿದು, ಸೈಲೆನ್ಸರಿಗೂ ಕಿಕ್ಕರಿಗೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಉಕ್ಕಿನ ಪ್ಲೇಟು ಕತ್ತರಿಸಿದ್ದು. ಹಳೆಯ ಬುಲೆಟ್ಟಿನ ಎಷ್ಟೋ ಬೋಲ್ಟುಗಳ ಥ್ರೆಡ್ ಇಂಗ್ಲಿಷ್ ಅಳತೆಯದು. ಮಿಲಿಮೀಟರ್ ಅಳತೆಯ ಬೋಲ್ಟು ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ಒತ್ತಾಯ ಮಾಡಿದರೆ ಥ್ರೆಡ್ ಸವೆದು ಹಾಳಾಗುತ್ತದೆ. ಹೀಗಾಗಿ ಕಳಚಿದ ಬೋಲ್ಟನ್ನೇ ಮಾದರಿಗೆ ಒಯ್ಯಬೇಕು.

ರಟ್ಟಿನ ಪಾಠ

ಪಾದ ಹಿಂದೆ ಬಂದರೆ ಗೇರಿನ ಪೆಡಲ್ ಮುಂದೆಯೇ ಉಳಿಯುತ್ತದೆ. ಅಗ್ಗದ ಉಪಾಯವೆಂದರೆ ಪೆಡಲನ್ನೇ ಕಳಚಿ ಹಿಮ್ಮುಖವಾಗಿ ಕೂರಿಸುವುದು. ಆದರೆ ಆಗ ಗೇರಿನ ಕ್ರಮ ತಲೆಕೆಳಗಾಗುತ್ತದೆ. ನಮ್ಮ ಬುಲೆಟ್ಟಿನಲ್ಲಿ ಮೊದಲ ಗೇರಿಗೆ ಪೆಡಲ್ ಮೇಲೆತ್ತಬೇಕು, ಉಳಿದ ಮೂರಕ್ಕೆ ಕೆಳಗೆ ಒತ್ತಬೇಕು. ಹಿಮ್ಮುಖ ಮಾಡಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ನಲವತ್ತು ವರ್ಷದಿಂದ ಒಂದನ್ನೇ ಕಲಿತ ನನ್ನ ಬಲಗಾಲಿಗೆ ಈ ವಯಸ್ಸಿನಲ್ಲಿ ಹೊಸ ಪಾಠ ಬೇಡ ಎಂದೆ.

ಇನ್ನೊಂದು ದಾರಿ, ಹೊಸ ಪೆಡಲನ್ನು ಹೊಸ ಫುಟ್‌ರೆಸ್ಟಿನ ಹತ್ತಿರ ಕೂರಿಸಿ, ಅಲ್ಲಿಂದ ಗೇರ್‌ಬಾಕ್ಸಿಗೆ ಒಂದು ಕಡ್ಡಿ ಜೋಡಿಸುವುದು. ಇದನ್ನು ಮನೆಯಲ್ಲೇ ಮಾಡಿ ನೋಡಿ. ದಪ್ಪ ರಟ್ಟಿನ ಹಲಗೆಯ ಮೇಲೆ ಎರಡು ರಟ್ಟಿನ ಪಟ್ಟಿಗಳನ್ನು, ಒಂದೊಂದರ ಕೆಳತುದಿಗೆ ಗುಂಡುಪಿನ್ನು ಚುಚ್ಚಿ, ನೆಟ್ಟಗೆ ನಿಲ್ಲಿಸಿ. ಎರಡರ ಮೇಲ್ತುದಿಗಳನ್ನು ಮೂರನೆಯ ಪಟ್ಟಿಯಿಂದ ಸೇರಿಸಿ. ಒಂದನ್ನು ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗುತ್ತದೆ. ಈಗ ಎರಡನೆಯ ಪಟ್ಟಿಯನ್ನು ತಲೆಕೆಳಗು ಮಾಡಿ, ಅದರ ಕೆಳತುದಿಗೆ ಕಡ್ಡಿ ಸೇರಿಸಿ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ! ಮೊಮ್ಮಗಳು ಇದನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿ ತೋರಿಸಿದಾಗ ಲೇತ್ ಅಂಗಡಿಯವರಿಗೆ ಏನು ಹೇಳಬೇಕೆಂದು ನಮಗೆ ಸ್ಪಷ್ಟವಾಯಿತು: ಎರಡು ತೋಳುಗಳೂ ಮೇಲ್ಮುಖವಾಗಿರಲಿ.

ಬ್ರೇಕಿನ ಲೆಕ್ಕ

ಗೇರು ತಪ್ಪಿದರೆ ಎಂಜಿನ್ ಗೊಣಗುತ್ತದೆ, ಅಷ್ಟೆ. ಬ್ರೇಕು ಹಾಗಲ್ಲ. ಪೆಡಲ್ ಒಂದು ಸನ್ನೆ. ಶಾಲೆಯಲ್ಲಿ ಓದಿದ ಸನ್ನೆಯ ಲೆಕ್ಕವೇ ಇಲ್ಲೂ. ಉದಾಹರಣೆಗೆ ಪೆಡಲ್ 30 ಸೆಂಟಿಮೀಟರ್ ಉದ್ದವಿದ್ದು, ಬ್ರೇಕಿನ ರಾಡನ್ನು ಎಳೆಯುವ ತೋಳು 6 ಸೆಂಟಿಮೀಟರ್ ಇದ್ದರೆ ಬಲ ಐದು ಪಟ್ಟು. ಹತ್ತು ಕಿಲೋ ಒತ್ತಿದರೆ ಐವತ್ತು ಕಿಲೋ ಎಳೆತ. ರಿಯರ್‌ಸೆಟ್ಟಿನ ಪೆಡಲ್ ಗಿಡ್ಡ. ಅದು 18 ಸೆಂಟಿಮೀಟರ್ ಆಗಿ, ತೋಳು ಮಾತ್ರ ಹಾಗೇ ಉಳಿದರೆ ಬಲ ಮೂರೇ ಪಟ್ಟು. ಅಷ್ಟೇ ಒತ್ತಿದರೂ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಆದ್ದರಿಂದ ತೋಳನ್ನೂ ಅದೇ ಪ್ರಮಾಣದಲ್ಲಿ, 3.6 ಸೆಂಟಿಮೀಟರಿಗೆ ಇಳಿಸಬೇಕು. ಬ್ರೇಕಿನ ರಾಡು ಹೊಸದೇ ಆಗಬೇಕು, ಹಳೆಯದನ್ನು ಕತ್ತರಿಸಿ ಬೆಸೆಯಬಾರದು. ಹಿಂದಿನ ಕೆಂಪು ದೀಪ ಹೊತ್ತಿಸುವ ಸ್ವಿಚ್ಚನ್ನೂ ಹೊಸ ಪೆಡಲ್ಲಿಗೆ ಹೊಂದಿಸಬೇಕು. ಇದನ್ನು ಮರೆತರೆ ನಾವು ಬ್ರೇಕ್ ಹಾಕಿದ್ದು ಹಿಂದೆ ಬರುವ ಲಾರಿಯವನಿಗೆ ತಿಳಿಯುವುದೇ ಇಲ್ಲ.

ಅಜ್ಜಿಯ ಕಾಲು ಎಲ್ಲಿ?

ಮೊಮ್ಮಗಳಿಗೆ ಫುಟ್‌ರೆಸ್ಟ್ ಎಂಟಿಂಚು ಹಿಂದಕ್ಕೆ ಬೇಕಿತ್ತು. ರಟ್ಟಿನ ಮಾದರಿ ಹಿಡಿದು ಅಂಗಳದಲ್ಲಿ ಲೆಕ್ಕ ಹಾಕುತ್ತಿದ್ದಾಗ ನನ್ನ ಹೆಂಡತಿ ಬಂದು ನಿಂತಳು. "ರೀ, ಎಲ್ಲ ಸರಿ, ನಾನು ಕಾಲು ಎಲ್ಲಿಡಲಿ?" ಎಂದಳು.

ಎಂಟಿಂಚು ಹಿಂದೆ ಹೋದರೆ ಹಿಂಬದಿಯವರ ಫುಟ್‌ರೆಸ್ಟ್ ತೆಗೆಯಬೇಕಾಗುತ್ತಿತ್ತು. ಒಬ್ಬರೇ ಓಡಿಸುವ ರೇಸಿನ ಬೈಕಿಗೆ ಅದು ಸರಿ. ಆದರೆ ಈ ಗಾಡಿಯ ಹಿಂದಿನ ಸೀಟಿನಲ್ಲಿ ಅವಳು ಹೆರಿಗೆಗೆ ಹೋಗಿದ್ದಾಳೆ, ಮದುವೆಗಳಿಗೆ ಬಂದಿದ್ದಾಳೆ, ಸಿದ್ಧಗಂಗೆಯ ಜಾತ್ರೆ ನೋಡಿದ್ದಾಳೆ. ಸೀರೆ ಉಟ್ಟು ಒಂದೇ ಬದಿಗೆ ಕೂರುವುದರಿಂದ ಅವಳ ಎರಡು ಕಾಲೂ ಎಡಗಡೆಯೇ. ನಮ್ಮ ಬುಲೆಟ್ಟಿನ ಬ್ರೇಕ್ ಪೆಡಲ್ ಕೂಡ ಎಡಗಡೆಯೇ. ಸವಾರನ ಹಿಮ್ಮಡಿ ಅವಳ ಪಾದಕ್ಕೆ ತಗುಲಿದರೆ ಬ್ರೇಕ್ ಒತ್ತುವುದು ಹೇಗೆ? ಕಾನೂನೂ ಅವಳ ಕಡೆಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ತಡೆ ಇರಲೇಬೇಕು.

ಅಂದೇ ಅವಳನ್ನು ಗಾಡಿಯ ಮೇಲೆ ಕೂರಿಸಿ, ಮುಂದೆ ಮೊಮ್ಮಗಳನ್ನು ಕೂರಿಸಿ, ನಾನು ಟೇಪು ಹಿಡಿದೆ. ಬೂಟು ಹಾಕಿದ ಪಾದಕ್ಕೂ ಚಪ್ಪಲಿ ಹಾಕಿದ ಪಾದಕ್ಕೂ ನಡುವೆ ಅಂತರ ಉಳಿಯಬೇಕಾದರೆ ನಾಲ್ಕೇ ಇಂಚು ಹಿಂದಕ್ಕೆ ಹೋಗಬಹುದಿತ್ತು. ಮೊಮ್ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು. ಆಮೇಲೆ ಅವಳೇ ಪೆನ್ಸಿಲ್ ತೆಗೆದುಕೊಂಡು ರಟ್ಟಿನ ಮೇಲೆ ನಾಲ್ಕಿಂಚಿಗೆ ಗುರುತು ಹಾಕಿದಳು.

ಅಳಿಸದೆ ತಿದ್ದುವುದು

ಬ್ಯಾಂಕಿನ ಲೆಡ್ಜರಿನಲ್ಲಿ ಬರೆದದ್ದನ್ನು ಕೆರೆದು ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಿದ್ದೆವು. ಹಳೆಯ ಅಂಕಿ ಓದಲು ಸಿಗಬೇಕು. ಗಾಡಿಯ ವಿಷಯದಲ್ಲೂ ನಾನು ಹಾಕಿದ ಷರತ್ತು ಅದೇ: ಚಾಸಿಗೆ ಡ್ರಿಲ್ ತಾಗಬಾರದು, ವೆಲ್ಡಿಂಗ್ ಮುಟ್ಟಬಾರದು. ಮೊದಲೇ ಇರುವ ತೂತುಗಳಲ್ಲೇ ಹೊಸ ಪ್ಲೇಟು ಕೂರಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದೆ ಮೂಲರೂಪದಲ್ಲಿ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಮ್ಮದಕ್ಕೆ 2028ರಲ್ಲಿ ಐವತ್ತು ತುಂಬುತ್ತದೆ. ಚಾಸಿ ಕತ್ತರಿಸಿದವರಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದು ಮಕ್ಕಳು ರಿಯರ್‌ಸೆಟ್ ಕೇಳಿದರೆ, ಮೊದಲು ಹಿಂದೆ ಕೂರುವವರನ್ನು ಕೂರಿಸಿ ಅಳತೆ ತೆಗೆಯಿರಿ. ಸವಾರನ ಫುಟ್‌ರೆಸ್ಟ್ ಚಾಸಿಗೇ ಬಿಗಿಯಾಗಿರಬೇಕು. ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಹಿಂದಿನ ಫೋರ್ಕಿಗೆ ಅದನ್ನು ಕಟ್ಟಬೇಡಿ. ನಟ್ಟುಗಳು ಸಡಿಲವಾಗದ ಲಾಕ್‌ನಟ್ ಆಗಿರಲಿ. ಗೇಟು ದಾಟುವ ಮೊದಲು ಅಂಗಳದಲ್ಲಿ ಬ್ರೇಕು ನೋಡಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಮಾಡಿ. ಮೊಣಕಾಲು ನೋವಿರುವ ಹಿರಿಯರಿಗೆ ಈ ಭಂಗಿ ಹಿತವಲ್ಲ. ನಾನಂತೂ ಈಗ ಪೇಟೆಗೆ ಹೋಗಿ ಬರುವಷ್ಟೇ ದೂರ ಓಡಿಸುತ್ತೇನೆ.

ಕಳಚಿದ ಫುಟ್‌ರೆಸ್ಟ್, ಪೆಡಲ್, ರಾಡು ಎಲ್ಲಕ್ಕೂ ಗ್ರೀಸು ಸವರಿ, ಚೀಟಿ ಕಟ್ಟಿ, ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಯಾವುದು ಎಲ್ಲಿಯದು ಎಂದು ಮೊಮ್ಮಗಳೇ ಬರೆದಿದ್ದಾಳೆ. 2028ರಲ್ಲಿ ಅವನ್ನು ಮತ್ತೆ ಹಾಕಬೇಕೆಂದರೆ ಸ್ಪ್ಯಾನರುಗಳ ಜೊತೆ ಒಂದು ಭಾನುವಾರ ಸಾಕು. ಹಾಕುವುದೋ ಬಿಡುವುದೋ, ಅದು ಅವಳಿಗೆ ಬಿಟ್ಟದ್ದು.