ವಕೀಲರಿಲ್ಲದ ಕಟಕಟೆ

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಅವರಲ್ಲಿ ಹಲವರಿಗೆ ದಾರಿಯುದ್ದಕ್ಕೂ ಕೋಳ ಹಾಕಲಾಗಿತ್ತೆಂದು ತಿಳಿದು ಇಲ್ಲಿನವರು ನೊಂದುಕೊಂಡದ್ದು ಸಹಜವೇ. ಅದರ ಜೊತೆಗೆ ಕೇಳಬೇಕಾದ ಪ್ರಶ್ನೆಯೊಂದಿದೆ: ಗಡೀಪಾರಿನ ಭೀತಿಯಲ್ಲಿರುವ ವಲಸಿಗನಿಗೆ ಅಲ್ಲಿನ ಕಾನೂನು ಯಾವ ದಾರಿಗಳನ್ನು ಬಿಟ್ಟಿದೆ, ಅವನ್ನು ಅವನೊಬ್ಬನೇ ಹುಡುಕಿಕೊಳ್ಳಬಲ್ಲನೇ? ಬಲ್ಲನೆಂದು ನನಗನ್ನಿಸುವುದಿಲ್ಲ.

ದಾರಿಗಳೇನೋ ಇವೆ. ಗಡಿಯಲ್ಲಿ ಸಿಕ್ಕಿಬಿದ್ದವರನ್ನು 1996ರ ಕಾಯ್ದೆಯಂತೆ ನ್ಯಾಯಾಧೀಶರ ಮುಂದೆ ನಿಲ್ಲಿಸದೆಯೇ ವಾಪಸ್ ಕಳಿಸಬಹುದು. ಊರಿಗೆ ಮರಳಲು ಭಯವಿದೆ ಎಂದು ಅವರು ಆಗಲೇ ಹೇಳಿಕೊಂಡರೆ ವಿಚಾರಣೆಗೆ ಅವಕಾಶ ಸಿಗಬಹುದು. ಉಳಿದವರಿಗೆ ಸಾಮಾನ್ಯವಾಗಿ ವಲಸೆ ನ್ಯಾಯಾಲಯದ ನೋಟಿಸ್ ಬರುತ್ತದೆ. ಹೇಳಿದ ದಿನ ಹಾಜರಾಗುವುದು ಎಲ್ಲಕ್ಕಿಂತ ಮುಖ್ಯ. ಗೈರಾದರೆ ಏಕಪಕ್ಷೀಯವಾಗಿ ಗಡೀಪಾರಿನ ಆದೇಶವಾಗುತ್ತದೆ. ಧರ್ಮ, ಜನಾಂಗ, ರಾಜಕೀಯ ನಿಲುವು ಮುಂತಾದ ಕಾರಣಕ್ಕೆ ಸ್ವದೇಶದಲ್ಲಿ ಕಿರುಕುಳಕ್ಕೆ ಹೆದರುವವರು ಆಶ್ರಯ ಕೋರಬಹುದು, ಆದರೆ ಸಾಮಾನ್ಯವಾಗಿ ಬಂದ ಒಂದು ವರ್ಷದೊಳಗೇ ಅರ್ಜಿ ಹಾಕಿರಬೇಕು. ಸನ್ನಡತೆಯಿಂದ 10 ವರ್ಷ ನೆಲೆಸಿದವರು, ತಾವು ಹೊರಟರೆ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಪಡೆದವರೋ ಆದ ಸಂಗಾತಿಗೆ, ಮಗುವಿಗೆ ಅಥವಾ ತಂದೆತಾಯಿಗೆ ಅಸಾಧಾರಣ ಕಷ್ಟವಾಗುತ್ತದೆಂದು ರುಜುವಾತು ಮಾಡಿದರೆ ಗಡೀಪಾರು ರದ್ದಾಗಬಹುದು. ಅಗಲಿಕೆಯ ದುಃಖವೊಂದೇ ಇದಕ್ಕೆ ಸಾಲದು; ಮೇಲಾಗಿ ವರ್ಷಕ್ಕೆ 4,000 ಮಂದಿಗೆ ಮಾತ್ರ ಈ ಅವಕಾಶ. ಏನೂ ಕೈಗೂಡದವರು ಸ್ವಂತ ಖರ್ಚಿನಲ್ಲಿ ತಾವಾಗಿ ಹೊರಡಲು ಅನುಮತಿ ಕೇಳಬಹುದು. ಸೋತವರಿಗೆ ಮೇಲ್ಮನವಿಯುಂಟು.

ಒಂದೊಂದಕ್ಕೂ ದಾಖಲೆ, ಸಾಕ್ಷಿ, ಗಡುವು. ಎದುರಿಗೆ ಸರ್ಕಾರದ ವಕೀಲರಿರುತ್ತಾರೆ. ವಲಸಿಗನೂ ವಕೀಲರನ್ನಿಟ್ಟುಕೊಳ್ಳಬಹುದು, ಖರ್ಚು ಮಾತ್ರ ಅವನದೇ. ಕೊಲೆ ಆರೋಪಿ ಬಡವನಾದರೆ 1963ರ ಗಿಡಿಯನ್ ತೀರ್ಪಿನ ಬಲದಿಂದ ಅವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಗಡೀಪಾರು ಶಿಕ್ಷೆಯೇ ಅಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1893ರಲ್ಲೇ ಹೇಳಿದ್ದರಿಂದ ವಲಸಿಗನಿಗೆ ಆ ರಕ್ಷಣೆಯಿಲ್ಲ. ಮನೆ, ಮಕ್ಕಳು, ದುಡಿಮೆ ಎಲ್ಲವನ್ನೂ ಕಸಿಯುವ ಆದೇಶವನ್ನು ಹೀಗೆ ನೋಡುವುದು ಅನ್ಯಾಯ. 2007ರಿಂದ 2012ರ ನಡುವಿನ ಪ್ರಕರಣಗಳ ಅಧ್ಯಯನದಂತೆ ವಕೀಲರಿದ್ದದ್ದು ಶೇ. 37 ಮಂದಿಗೆ, ಬಂಧನದಲ್ಲಿದ್ದವರಲ್ಲಿ ಶೇ. 14 ಮಂದಿಗೆ ಮಾತ್ರ. ವಕೀಲರಿದ್ದವರು ಹೆಚ್ಚು ಗೆಲ್ಲುವುದು, ಗೆಲ್ಲುವ ಪ್ರಕರಣಗಳನ್ನೇ ವಕೀಲರು ಆರಿಸಿಕೊಳ್ಳುವುದರಿಂದ ಎಂಬ ವಾದವಿದೆ. ಅದಕ್ಕೆ ನ್ಯೂಯಾರ್ಕ್ ನಗರ ಉತ್ತರ ಕೊಟ್ಟಿದೆ. ಅಲ್ಲಿ 2013ರಿಂದ ಬಂಧಿತ ಬಡ ವಲಸಿಗರಿಗೆ, ಪ್ರಕರಣದ ಬಲಾಬಲ ನೋಡದೆ, ಸಾರ್ವಜನಿಕ ಹಣದಲ್ಲಿ ವಕೀಲರನ್ನು ಕೊಡಲಾಗುತ್ತಿದೆ. ಶೇ. 4ರಷ್ಟಿದ್ದ ಗೆಲುವಿನ ಪ್ರಮಾಣ ಇದರಿಂದ ಶೇ. 48ಕ್ಕೆ ಏರುತ್ತದೆಂದು ಯೋಜನೆಯ ಮೌಲ್ಯಮಾಪನ ಅಂದಾಜಿಸಿತು.

ನಿಯಮ ಮುರಿದವರಿಗೆ ತೆರಿಗೆದಾರರ ಹಣವೇಕೆ ಎನ್ನುವವರಿದ್ದಾರೆ. ಮುರಿದರೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದದ್ದೇ ವಿಚಾರಣೆಯಲ್ಲಿ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರ್‌ಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ, ಏನೂ ತಪ್ಪು ಮಾಡದವರೂ ಅನಧಿಕೃತರಾಗುತ್ತಾರೆ. ಇನ್ನು ಹಣದ ಮಾತು. ಬಂಧನಕೇಂದ್ರಗಳು ನಡೆಯುವುದೂ ತೆರಿಗೆ ಹಣದಲ್ಲೇ. ಪ್ರಕರಣದಲ್ಲಿ ಹುರುಳಿಲ್ಲದಿದ್ದರೆ ವಕೀಲರು ಅದನ್ನು ಕಕ್ಷಿದಾರನಿಗೆ ಮೊದಲೇ ತಿಳಿಸಬಲ್ಲರು. ವಕೀಲರಿಲ್ಲದ ಕಡೆ ನ್ಯಾಯಾಧೀಶರೇ ದುಭಾಷಿಯ ಮೂಲಕ ಒಂದೊಂದನ್ನೂ ಬಿಡಿಸಿ ಹೇಳಬೇಕು, ಮತ್ತೆ ದಿನಾಂಕ ಮುಂದೂಡಬೇಕು. 2023ರ ಕೊನೆಗೇ ಈ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಪ್ರಕರಣಗಳು 30 ಲಕ್ಷ ದಾಟಿದ್ದವು.